ವಿಶ್ವನಾಥನ ಹೊಸ ಅಂಗಳ

ಕಾಶಿಯ ವಿಶ್ವನಾಥ ಗಲ್ಲಿಯಲ್ಲಿ ನಡೆಯುವವರಿಗೆ ಮೊದಲು ಗುಡಿ ದೂರದಿಂದ ಕಾಣುತ್ತಲೇ ಇರಲಿಲ್ಲ. ಬಳೆ, ಕುಂಕುಮ, ಹಿತ್ತಾಳೆ ಪಾತ್ರೆ, ಮರದ ಆಟಿಕೆಗಳ ಅಂಗಡಿಗಳ ನಡುವೆ ಜನರನ್ನು ಸರಿಸಿಕೊಂಡು, ಧುಂಢಿರಾಜ ಗಣಪತಿಗೆ ಕೈಮುಗಿದು ಮುಂದೆ ಹೋದರೆ ತಲೆಯ ಮೇಲೆಯೇ ಚಿನ್ನದ ಶಿಖರ. 1780ರ ಹೊತ್ತಿಗೆ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ ಈ ಗುಡಿ ಗಾತ್ರದಲ್ಲಿ ಚಿಕ್ಕದು. ಮಹಾರಾಜ ರಣಜಿತ್ ಸಿಂಗ್ ಕೊಟ್ಟ ಚಿನ್ನವೂ ಅದನ್ನು ದೊಡ್ಡದು ಮಾಡಲಿಲ್ಲ. ಇಕ್ಕಟ್ಟಿನಲ್ಲಿ ಕತ್ತೆತ್ತಿ ನೋಡಲೆಂದೇ ಎದ್ದ ಶಿಖರವದು.

2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ವಿಶ್ವನಾಥ ಧಾಮ ಈ ನೋಟವನ್ನೇ ಬದಲಿಸಿತು. ವಾಸ್ತುಶಿಲ್ಪಿ ಬಿಮಲ್ ಪಟೇಲ್ ಅವರ ಈ ಯೋಜನೆಯಲ್ಲಿ ಆವರಣ ಸುಮಾರು 5 ಲಕ್ಷ ಚದರಡಿಗೆ ಹಿಗ್ಗಿದೆ. ಗಂಗೆಯಲ್ಲಿ ಮಿಂದವರು ಲಲಿತಾ ಘಾಟಿನಿಂದ ನೇರ ಗುಡಿಗೆ ಬರಬಹುದು. ವಯಸ್ಸಾದವರಿಗೆ, ನಡೆಯಲಾಗದವರಿಗೆ ಇದು ನಿಜವಾದ ಉಪಕಾರ; ನೂಕುನುಗ್ಗಲಿನ ಭಯವನ್ನು ಬಲ್ಲ ಯಾರೂ ಇದನ್ನು ಹಗುರವಾಗಿ ಕಾಣಬಾರದು.

ಆದರೆ ಕಟ್ಟಡವಾಗಿ ನೋಡಿದರೆ ನನಗೆ ತೃಪ್ತಿಯಿಲ್ಲ. ವಿಶಾಲ ಕಲ್ಲುಹಾಸಿನ ಮೇಲೆ ಶಿಖರ ಇನ್ನೂ ಕುಗ್ಗಿದಂತೆ ಕಾಣುತ್ತದೆ. ಸುತ್ತಲಿನ ಒಂದೇ ಬಗೆಯ ಕಮಾನುಗಳು ಕಣ್ಣನ್ನು ಗುಡಿಯಿಂದಾಚೆ ಎಳೆಯುತ್ತವೆ. ಈ ಬಯಲಿಗಾಗಿ ಲಾಹೋರಿ ಟೋಲಾದಂಥ ಕೇರಿ ಅಳಿಯಿತು, ಕೊಂಡು ಕೆಡವಿದ ಕಟ್ಟಡಗಳು 300ರ ಆಸುಪಾಸು. ಅವುಗಳ ಒಡಲಲ್ಲಿದ್ದ ಹಲವಾರು ಹಳೆಯ ಗುಡಿಗಳನ್ನು ಉಳಿಸಿದ್ದು ಸರಿ. ಆದರೆ ಮನೆಯವರೇ ದಿನವೂ ದೀಪ ಹಚ್ಚುತ್ತಿದ್ದ ಗುಡಿಗೂ ಬಯಲಲ್ಲಿ ಒಂಟಿಯಾಗಿ ನಿಂತ ಗುಡಿಗೂ ಬಹಳ ಅಂತರವಿದೆ.

ಈ ಅಂತರ ಬೇರೆ ನಾಡಿನಲ್ಲೂ ಕಾಣುತ್ತದೆ. ಹಿಂದೆ ಫಿನ್ಲೆಂಡಿನದಾಗಿದ್ದು ಈಗ ರಷ್ಯದಲ್ಲಿರುವ ತೆರಿಯೋಕಿಯಲ್ಲಿ ಯೋಸೆಫ್ ಸ್ಟೆನ್‌ಬೆಕ್ 1908ರಲ್ಲಿ ಕಟ್ಟಿದ ಲೂಥರನ್ ಚರ್ಚು ಸೋವಿಯತ್ ಕಾಲದಲ್ಲಿ ಸಿನೆಮಾ ಮಂದಿರವಾಯಿತು, ಗೋಪುರ ಕಳೆದುಕೊಂಡಿತು. ಮುಂದೆ ಗೋಪುರವೂ ಪ್ರಾರ್ಥನೆಯೂ ಮರಳಿದವು. ಯುದ್ಧಕಾಲದಲ್ಲಿ ಊರು ಬಿಟ್ಟ ಫಿನ್ನರ ನೆರೆಹೊರೆ ಮರಳಲಿಲ್ಲ. ಅಲ್ಲಿ ಜನರನ್ನು ಎಬ್ಬಿಸಿದ್ದು ಯುದ್ಧ. ಇಲ್ಲಿ ಎಬ್ಬಿಸಿದ್ದು ಗುಡಿಯ ಮೇಲಿನ ಅಭಿಮಾನವೇ. ಹಾಗಾಗಿ ಹೊಣೆಯೂ ಹೆಚ್ಚು.

ಕಾಶಿಯ ಗೋದೌಲಿಯಾದ ಸಮೀಪದ ಜಂಗಮವಾಡಿ ಮಠದಲ್ಲಿ ಇಳಿದುಕೊಳ್ಳುವ ಕನ್ನಡ ಯಾತ್ರಿಕರಿಗೆ ಹಳೆಯ ಗಲ್ಲಿಯ ಒಂದು ತುಂಡು ಇನ್ನೂ ಸಿಗುತ್ತದೆ. ಅದನ್ನು ಅಗಲ ಮಾಡುವ ಆಸೆ ಯಾರಿಗೂ ಬಾರದಿರಲಿ. ಧಾಮದೊಳಗೆ ಉಳಿದ ಪ್ರತಿ ಗುಡಿಯ ಬಳಿಯೂ ಅದು ಯಾವ ಮನೆಯಲ್ಲಿತ್ತು, ಯಾರು ಪೂಜಿಸುತ್ತಿದ್ದರು ಎಂದು ಕಲ್ಲಿನಲ್ಲಿ ಬರೆಸಬೇಕು. ಆ ಮನೆತನದವರಿಗೆ ಹಬ್ಬದ ದಿನ ಮೊದಲ ಆರತಿಯ ಹಕ್ಕು ಕೊಡಬೇಕು.