ಜೋಡಿ ತಪ್ಪಿದ ಕಣ

ಕುಷ್ಟಗಿ ಸೀಮೆಯ ಹಳ್ಳಿಯ ಜಾತ್ರೆಯಲ್ಲಿ ಕುಸ್ತಿಗಿಂತ ಜೋಡಿ ಹಚ್ಚುವ ಹೊತ್ತನ್ನು ನೋಡಬೇಕು. ಹರಗಿ ಹದ ಮಾಡಿದ ಮಣ್ಣಿನ ಕಣ, ಸುತ್ತ ಜನರೇ ಗೋಡೆ, ಒಂದು ಮೂಲೆಯಲ್ಲಿ ಹಲಗಿ. ಒಬ್ಬ ಹುಡುಗ ಅಂಗಿ ಕಳಚಿ, ಕೈ ಮೇಲೆತ್ತಿ ಕಣದ ಸುತ್ತ ಒಂದು ಸುತ್ತು ಹಾಕುತ್ತಾನೆ. ಇನ್ನೊಬ್ಬ ಎದ್ದು ಬರುತ್ತಾನೆ. ಹಿರಿಯನೊಬ್ಬ ಇಬ್ಬರನ್ನೂ ಭುಜಕ್ಕೆ ಭುಜ ಹಚ್ಚಿ ನಿಲ್ಲಿಸಿ, ತೋಳು ಒತ್ತಿ ನೋಡಿ, ಕಿವಿ ಹಿಡಿದು ತಿರುವುತ್ತಾನೆ. ಕಿವಿ ಮುದುಡಿ ಗಟ್ಟಿಯಾಗಿದ್ದರೆ ಗರಡಿಯಲ್ಲಿ ಬೆಳೆದವನು ಅಂತ ಅರ್ಥ. "ಆಗಂಗಿಲ್ಲೋ ತಮ್ಮಾ, ಅವನ ಕುತ್ತಿಗಿ ನೋಡು, ನಿನ್ನ ಕುತ್ತಿಗಿ ನೋಡ್ಕೋ" ಅನ್ನುತ್ತಾನೆ. ಜನ ನಗುತ್ತಾರೆ, ಹುಡುಗ ಅಂಗಿ ಹಾಕಿಕೊಂಡು ಹೋಗುತ್ತಾನೆ. ಹೀಗೇ ಅರ್ಧ ತಾಸು ಕಳೆದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಆ ಹಿರಿಯನನ್ನು ಇಲ್ಲಿ ನೆನೆಯಲು ಕಾರಣ ನನ್ನ ಅಳಿಯ. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಅವನಿಗೆ ಜಪಾನಿನ 'ಪ್ರೈಡ್' ಕಾಳಗಗಳ ಹುಚ್ಚು. ಗುದ್ದು, ಒದೆ, ಹಿಡಿತ ಎಲ್ಲವೂ ಸೇರಿದ ಮಿಶ್ರ ಸಮರ ಕಲೆಯ ಪಂದ್ಯಗಳವು. "ಮಾಮಾ, ಶುರುವಾತಿನ ವರ್ಷದ್ದು ನೋಡ್ರಿ, ಚಿನ್ನದಂಥಾವು" ಎಂದು ಮೊಬೈಲ್ ಕೈಗೆ ಕೊಟ್ಟ. ನಾಲ್ಕೈದು ರಾತ್ರಿ ಕೂತು ನೋಡಿದೆ. ಚಿನ್ನ ಇದೆ, ಆದರೆ ಅವನು ತೋರಿಸಿದ ಕಡೆ ಇಲ್ಲ.

ಆ ವರ್ಷದ ಲೆಕ್ಕ ಸರಳ. 1997ರ ಅಕ್ಟೋಬರ್ 11ರಂದು ಟೋಕಿಯೊ ಡೋಮ್‌ನಲ್ಲಿ ಮೊದಲನೆಯದು, 1998ರ ಮಾರ್ಚ್ 15ರಂದು ಯೊಕೊಹಾಮಾದಲ್ಲಿ ಎರಡನೆಯದು, ಜೂನ್ 24ರಂದು ಬುಡೊಕಾನ್‌ನಲ್ಲಿ ಮೂರನೆಯದು, ಮತ್ತೆ ಅಕ್ಟೋಬರ್ 11ಕ್ಕೆ ಟೋಕಿಯೊ ಡೋಮ್‌ನಲ್ಲೇ ನಾಲ್ಕನೆಯದು. ನಡೆಸಿದ ಸಂಸ್ಥೆಯ ಹೆಸರು ಕೆಆರ್‌ಎಸ್. (ಕನ್ನಂಬಾಡಿಗೂ ಅದಕ್ಕೂ ಸಂಬಂಧವಿಲ್ಲ.) ಇಡೀ ಡೇರೆ ಎದ್ದದ್ದು ಒಂದೇ ಗೂಟದ ಮೇಲೆ. ಬ್ರೆಜಿಲಿನ ರಿಕ್ಸನ್ ಗ್ರೇಸಿಯ ಎದುರು ಜಪಾನಿನ ನೊಬುಹಿಕೊ ತಕಾಡಾ.

ತಕಾಡಾ ವೃತ್ತಿ ಕುಸ್ತಿಯವನು. ಅಂದರೆ ಯಾರು ಗೆಲ್ಲಬೇಕು ಅನ್ನುವುದು ಕಣಕ್ಕಿಳಿಯುವ ಮೊದಲೇ ಮಾತಾಗಿರುವ ಕುಸ್ತಿ. ಆದರೆ ಅವನ ಯುಡಬ್ಲ್ಯುಎಫ್‌ಐ ಕಂಪನಿ ತನ್ನದು ಮಾತ್ರ ಅಸಲಿ ಎಂದು ಡಂಗುರ ಹೊಡೆದಿತ್ತು, ಜನ ನಂಬಿದ್ದರು. 1994ರ ಡಿಸೆಂಬರ್‌ನಲ್ಲಿ ಅದೇ ಕಂಪನಿಯ ಯೋಜಿ ಅಂಜೊ, ಲಾಸ್ ಏಂಜಲೀಸ್‌ನಲ್ಲಿ ರಿಕ್ಸನ್‌ನ ಗರಡಿಗೇ ಹೋಗಿ ಸವಾಲು ಹಾಕಿ, ಮುಖವೆಲ್ಲ ರಕ್ತ ಮಾಡಿಕೊಂಡು ಬಂದ. ಆ ಅವಮಾನ ತೀರಿಸಲು ತಕಾಡಾ ಇಳಿಯಲೇಬೇಕಾಯಿತು. ಆಗ ಅವನಿಗೆ 35 ವರ್ಷ, ಅಸಲಿ ಕಾಳಗದ ಕಣದಲ್ಲಿ ಅದೇ ಮೊದಲ ದಿನ.

47 ಸಾವಿರ ಚಿಲ್ಲರೆ ಜನ ಕೂಡಿದ್ದರು. ಕಾಳಗ ನಡೆದದ್ದು 4 ನಿಮಿಷ 47 ಸೆಕೆಂಡು. ತಕಾಡಾ ದೂರ ದೂರ ಸುತ್ತುತ್ತಾನೆ. ಕಾಲಿಗೆ ಒದೆಯಬೇಕು ಅನ್ನುವ ಮನಸ್ಸು, ಹತ್ತಿರ ಹೋಗುವ ಧೈರ್ಯ ಮಾತ್ರ ಇಲ್ಲ. ರಿಕ್ಸನ್ ಅವನನ್ನು ಅಪ್ಪಿ ಕೆಡವಿ, ಎದೆಯ ಮೇಲೆ ಕೂತು, ಅವಸರ ಮಾಡದೆ ಒಂದು ತೋಳನ್ನು ತನ್ನ ತೊಡೆಗಳ ನಡುವೆ ಎಳೆದುಕೊಂಡು, ಮೊಣಕೈಯನ್ನು ಉಲ್ಟಾ ಚಾಚುತ್ತಾನೆ. ಸೋಲೊಪ್ಪಲು ತಕಾಡಾ ಕೈ ಬಡಿಯುತ್ತಾನೆ. ನಮ್ಮಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಚಿತ್, ಆಟ ಮುಗಿಯಿತು. ಅಲ್ಲಿ ಬೆನ್ನು ಹತ್ತಿದ ಮೇಲೆ ಆಟ ಶುರು. ಮಣ್ಣಿನ ಕುಸ್ತಿ ನೋಡಿ ಬೆಳೆದ ನನ್ನ ಕಣ್ಣಿಗೆ ಇದು ಒಗ್ಗಲು ಎರಡು ರಾತ್ರಿ ಬೇಕಾಯಿತು.

ಆ ತೋಳಿಗೆ ಹಿಂದಿನ ಕತೆಯೊಂದಿದೆ. ತಕಾಡಾ ಪಳಗಿದ್ದು ಅಂಟೋನಿಯೊ ಇನೋಕಿಯ ಗರಡಿಯಲ್ಲಿ. ಆ ಇನೋಕಿ 1976ರ ಡಿಸೆಂಬರ್‌ನಲ್ಲಿ ಕರಾಚಿಗೆ ಬಂದು, ಗಾಮಾ ಪೈಲ್ವಾನನ ಮನೆತನದ ಅಕ್ರಮ್‌ನ ತೋಳು ತಿರುಚಿ ಸೋಲಿಸಿ ಹೋಗಿದ್ದ. ಬೆನ್ನು ಕಾಯುವುದು ಗೊತ್ತಿದ್ದ ಪೈಲ್ವಾನನಿಗೆ ತೋಳು ಕಾಯುವುದು ಗೊತ್ತಿರಲಿಲ್ಲ. 21 ವರ್ಷದ ಮೇಲೆ ಇನೋಕಿಯ ಶಿಷ್ಯನ ತೋಳಿಗೇ ಸರದಿ ಬಂತು. ಇನ್ನು ಗ್ರೇಸಿ ಮನೆತನದ ವಿದ್ಯೆಯಾದರೂ ಎಲ್ಲಿಂದ ಬಂತು? 1914ರಲ್ಲಿ ಬ್ರೆಜಿಲಿಗೆ ಹೋದ ಜಪಾನಿ ಮಿತ್ಸುಯೊ ಮಯೇಡಾ ಕಲಿಸಿದ್ದು.

ಉಳಿದ ಜೋಡಿಗಳನ್ನು ನೋಡಿ. ಮೊದಲ ದಿನ ಕೋಜಿ ಕಿಟಾವೊ ಎದುರು ನೇಥನ್ ಜೋನ್ಸ್. ಕಿಟಾವೊ ಸುಮೊದಲ್ಲಿ ಎಲ್ಲಕ್ಕಿಂತ ಮೇಲಿನ ಯೊಕೊಝುನಾ ಪದವಿಗೆ ಏರಿಯೂ ಒಂದೇ ಒಂದು ಪಂದ್ಯಾವಳಿ ಗೆಲ್ಲದೆ 1987ರಲ್ಲಿ ಆ ಲೋಕ ಬಿಟ್ಟವನು. ಜೋನ್ಸ್ ಏಳು ಅಡಿಯ ಹತ್ತಿರದ ಆಸ್ಟ್ರೇಲಿಯನ್. ಮುಂದೆ 'ಟ್ರಾಯ್' ಸಿನಿಮಾದಲ್ಲಿ ಅಕಿಲಿಸನ ಒಂದೇ ಏಟಿಗೆ ಬೀಳುವ ದೈತ್ಯ ಇವನೇ. ಇಲ್ಲಿಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಇದು ಎತ್ತರ ನೋಡಿ ಹಚ್ಚಿದ ಜೋಡಿ, ಕಿವಿ ನೋಡಿ ಅಲ್ಲ. ಕಿಮೊ ಮತ್ತು ಡ್ಯಾನ್ ಸೆವರ್ನ್ 30 ನಿಮಿಷ ಒಬ್ಬರನ್ನೊಬ್ಬರು ಕಾದು ಬರಾಬರಿ ಮಾಡಿಕೊಂಡರು. ನಮ್ಮ ಜಾತ್ರೆಯಲ್ಲಾದರೆ ಹತ್ತನೇ ನಿಮಿಷಕ್ಕೆ "ಬಿಡಸ್ರೀ ಅವರನ್ನ" ಎಂದು ಕೂಗು ಏಳುತ್ತಿತ್ತು. ಯೊಕೊಹಾಮಾದಲ್ಲಿ ಕಿಕ್‌ಬಾಕ್ಸಿಂಗ್ ಹುಲಿ ಬ್ರಾಂಕೊ ಚಿಕಾಟಿಚ್‌ನನ್ನು ಅಮೆರಿಕದ ಭಾರೀ ಕುಸ್ತಿಪಟು ಮಾರ್ಕ್ ಕೆರ್‌ಗೆ ಕಟ್ಟಿದರು. ಕೆಡವಿಸಿಕೊಳ್ಳಬಾರದೆಂದು ಅವನು ಮತ್ತೆ ಮತ್ತೆ ಹಗ್ಗ ಹಿಡಿದ, ಅನರ್ಹನಾದ. ಅವನನ್ನೇನು ಬೈಯುವುದು? ನೆಲದ ವಿದ್ಯೆಯೇ ಬಾರದವನನ್ನು ಅಲ್ಲಿ ಇಳಿಸಿದವರನ್ನು ಬೈಯಬೇಕು.

ಶುರುವಿನಲ್ಲಿ ಯಾರಿಗಾದರೂ ತಪ್ಪುತ್ತದೆ, ಹೊಸ ಆಟ, ಹಳೆಯ ಅಳತೆಗೋಲು ಇರಲಿಲ್ಲ ಎನ್ನುತ್ತಾನೆ ಅಳಿಯ. ಒಪ್ಪುವ ಮಾತಲ್ಲ. ನಮ್ಮ ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಮಹಾದೇವ ದೇಗುಲ ಎದ್ದದ್ದು 1112ರಲ್ಲಿ, ಆರನೇ ವಿಕ್ರಮಾದಿತ್ಯನ ಆಳಿಕೆಯಲ್ಲಿ. ಅವನ ಮಗ ಮೂರನೇ ಸೋಮೇಶ್ವರ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಕಸುವು ನೋಡಿ ದರ್ಜೆ ಮಾಡುವ ಮಾತು ಅಲ್ಲೇ ಇದೆ. ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. 1520ರ ಆಸುಪಾಸಿನಲ್ಲಿ ಅಲ್ಲಿ ಮಹಾನವಮಿ ನೋಡಿದ ಪೋರ್ಚುಗೀಸ್ ಡೊಮಿಂಗೊ ಪಾಯೆಸ್, ಮಲ್ಲಕಾಳಗ ತಮ್ಮ ಕಡೆಯದರಂತಿಲ್ಲ, ಗುದ್ದಿಗೆ ಹಲ್ಲು ಉದುರುತ್ತವೆ, ಕಣ್ಣು ಹೋಗುತ್ತವೆ, ಕೆಲವರನ್ನು ಗೆಳೆಯರು ಹೊತ್ತು ಒಯ್ಯುತ್ತಾರೆ ಎಂದು ಬರೆದಿಟ್ಟಿದ್ದಾನೆ. ಗುದ್ದೂ ಹಿಡಿತವೂ ಕೂಡಿದ್ದ ಕಾಳಗ ತುಂಗಭದ್ರೆಯ ದಂಡೆಯಲ್ಲೇ ನಡೆದಿತ್ತು ಎಂದಾಯಿತು. ಅದೇ ಪಾಯೆಸ್, ಕಣದಲ್ಲಿ ಇಬ್ಬರನ್ನೂ ಸರಿಸಮ ನಿಲ್ಲಿಸಲು ಮುಖಂಡರೂ ತೀರ್ಪುಗಾರರೂ ಇದ್ದರು ಎಂದೂ ಹೇಳುತ್ತಾನೆ. ಅಷ್ಟು ಕ್ರೂರ ಆಟದಲ್ಲೂ ಜೋಡಿ ನೋಡುವವನೊಬ್ಬ ಇದ್ದ. ಟೋಕಿಯೊದಲ್ಲಿ ಟಿಕೆಟ್ ಎಣಿಸುವವನು ಇದ್ದ, ಇವನಿರಲಿಲ್ಲ.

ಒಂದು ಮಾತು ಮಾತ್ರ ಅವರ ಪರವಾಗಿ ಹೇಳಲೇಬೇಕು. ತಮ್ಮ ಮನೆಯ ನಾಯಕ ಸೋಲುವುದನ್ನು ಅವರು ತಡೆಯಲಿಲ್ಲ. ದಶಕಗಟ್ಟಲೆ ಬಣ್ಣದ ಗೆಲುವನ್ನೇ ಮಾರಿದ ಊರಿನಲ್ಲಿ, ಅಷ್ಟು ಜನರೆದುರು ತಕಾಡಾ ಕೈ ಬಡಿದದ್ದು ಸಣ್ಣ ಮಾತಲ್ಲ. ಆ ರಾತ್ರಿಯ ಮೌನ ವಿಡಿಯೊದಲ್ಲೂ ಕೇಳುತ್ತದೆ.

ಆದರೆ ಅದೇ ಸೋಲನ್ನು ಎರಡನೇ ಸಲ ಮಾರಿದರು. ನಮ್ಮಲ್ಲಿ ಸೋತವನು ಮುಂದಿನ ಜಾತ್ರೆಗೆ ಅದೇ ಜೋಡಿ ಕೇಳಬಹುದು, ತಪ್ಪಿಲ್ಲ. ನಡುವೆ ನಾಲ್ಕು ಕಣದಲ್ಲಿ ಹಿಡಿದು ಬಂದಿರಬೇಕು, ಅಷ್ಟೆ. ತಕಾಡಾ ಹಿಡಿದದ್ದು ಒಂದೇ, ಜೂನ್‌ನಲ್ಲಿ, ಕೈಲ್ ಸ್ಟರ್ಜನ್ ಎಂಬ ಹೆಚ್ಚು ಹೆಸರಿಲ್ಲದವನ ಜೊತೆ. 2 ನಿಮಿಷ 18 ಸೆಕೆಂಡಿಗೆ ಹಿಮ್ಮಡಿ ತಿರುಚಿ ಗೆದ್ದ. ಅದು ಮಾತಾಗಿದ್ದ ಕುಸ್ತಿ ಎಂಬ ಅನುಮಾನ ಆ ಆಟದ ಅಭಿಮಾನಿಗಳಲ್ಲೇ ಇವತ್ತಿಗೂ ಇದೆ. ಆ ಗೆಲುವಿನ ಮೇಲೆ ಅಕ್ಟೋಬರ್‌ನ ಮರುಕಾಳಗ ನಿಂತಿತು. ಅದೇ ತಾರೀಖು, ಅದೇ ಡೋಮ್, ಅದೇ ತೋಳಿನ ಪಟ್ಟು. ಈ ಸಲ 9 ನಿಮಿಷ 30 ಸೆಕೆಂಡು.

ಆಮೇಲೆ ಹೊಸ ಯಜಮಾನಿಕೆ ಬಂತು, ಪ್ರೈಡ್ ಜಗತ್ತಿಗೇ ದೊಡ್ಡದಾಯಿತು. 2006ರಲ್ಲಿ ಭೂಗತ ಲೋಕದ ನಂಟಿನ ಆರೋಪದ ನಡುವೆ ಫುಜಿ ಟಿವಿ ಕೈಬಿಟ್ಟಿತು, 2007ರಲ್ಲಿ ಅಮೆರಿಕದವರು ಕೊಂಡರು, ಅಂಗಡಿ ಮುಚ್ಚಿತು. ಅಳಿಯನಿಗೆ ಅದೆಲ್ಲ ಬಾಯಿಪಾಠ.

ಅವನು ಬೆರಳಿನಿಂದ ಸರಿಸಿ ಮುಂದೆ ಹೋಗಿದ್ದ ಒಂದು ಕಾಳಗವನ್ನು ನಾನು ಮೂರು ಸಲ ನೋಡಿದೆ. ಜೂನ್ 24, ಬುಡೊಕಾನ್. ತಕಾಡಾನ ಶಿಷ್ಯ ಕಝುಶಿ ಸಕುರಾಬಾ ಎದುರು ಕೆನಡಾದ ಕಾರ್ಲೊಸ್ ನ್ಯೂಟನ್, ಇನ್ನೂ 21ರ ಹುಡುಗ. ಗುದ್ದು ಇಲ್ಲವೆಂದರೂ ಸರಿ. ಒಬ್ಬ ಬೆನ್ನು ಹತ್ತಿದರೆ ಇನ್ನೊಬ್ಬ ಕೆಳಗಿಂದ ಜಾರಿ ಹೊರಬರುತ್ತಾನೆ. ಇವನು ತೋಳಿಗೆ ಬಂದರೆ ಅವನು ಕಾಲಿಗೆ ಹೋಗುತ್ತಾನೆ. ಒಂದು ಪಟ್ಟು ಪೂರ್ತಿ ಬೀಳುವುದರೊಳಗೆ ಅದರ ಮುರಿ ತಯಾರು. 10 ನಿಮಿಷದ ಒಂದು ಸುತ್ತು ಕಳೆದು, ಎರಡನೆಯದರ 5 ನಿಮಿಷ 19ನೇ ಸೆಕೆಂಡಿಗೆ ಸಕುರಾಬಾ ಮೊಣಕಾಲು ಚಾಚಿ ಗೆದ್ದ. ಗುರುವಿನ ಕಾಳಗಗಳ ನೆರಳಲ್ಲಿ, ಪೋಸ್ಟರಿನ ಕೆಳಗಿನ ಸಾಲಿನಲ್ಲಿ, ಆಕಸ್ಮಿಕವಾಗಿ ಸರಿಯಾಗಿ ಬಿದ್ದ ಜೋಡಿ. ಕುಷ್ಟಗಿಯ ಆ ಹಿರಿಯ ಇದ್ದಿದ್ದರೆ ಇಬ್ಬರ ಕಿವಿಯನ್ನೂ ಮುಟ್ಟಿ ನೋಡಿ "ಹೂಂ, ಹಚ್ಚ್ರಿ" ಅನ್ನುತ್ತಿದ್ದ. ಆ ವರ್ಷದ ನಾಲ್ಕು ರಾತ್ರಿ ನೋಡುವಷ್ಟು ಪುರುಸೊತ್ತು ನಿಮಗಿಲ್ಲದಿದ್ದರೆ, ಅದೊಂದನ್ನು ನೋಡಿ.