ಮುನ್ನರಿವಿನ ಸಸ್ಪೆನ್ಷನ್: ಒಂದು ವಿಮರ್ಶೆ

ವಾಹನದ ಸಸ್ಪೆನ್ಷನ್ ವ್ಯವಸ್ಥೆ ನಿರ್ವಹಿಸಬೇಕಾದ ಕಾರ್ಯಗಳು ಎರಡು. ರಸ್ತೆಯ ಏರಿಳಿತಗಳು ಪ್ರಯಾಣಿಕನ ಮೈಗೆ ತಾಗದಂತೆ ನೋಡಿಕೊಳ್ಳುವುದು ಒಂದು. ಚಕ್ರವು ನೆಲವನ್ನು ಬಿಟ್ಟೇಳದಂತೆ ಹಿಡಿದಿಡುವುದು ಇನ್ನೊಂದು. ಇವೆರಡೂ ಪರಸ್ಪರ ಒಗ್ಗದ ಕಾರ್ಯಗಳು. ಸ್ಪ್ರಿಂಗು ಮೆತ್ತಗಾದರೆ ಕುಳಿತವನಿಗೆ ಸುಖ. ಆದರೆ ತಿರುವಿನಲ್ಲಿ ಗಾಡಿ ವಾಲುತ್ತದೆ, ಬ್ರೇಕು ಹಾಕಿದಾಗ ಮುಗ್ಗರಿಸುತ್ತದೆ. ಸ್ಪ್ರಿಂಗು ಬಿಗಿಯಾದರೆ ಗಾಡಿ ಸ್ಥಿರವಾಗುತ್ತದೆ. ಆದರೆ ಕುಳಿತವನ ಬೆನ್ನು ನೋಯುತ್ತದೆ. ಮೋಟಾರು ವಾಹನದ ಚರಿತ್ರೆಯುದ್ದಕ್ಕೂ ಎಂಜಿನಿಯರರು ಮಾಡಿಕೊಂಡು ಬಂದಿರುವುದು ಇವೆರಡರ ನಡುವಣ ರಾಜಿಯನ್ನೇ.

ಈ ರಾಜಿಯನ್ನು ಮೀರಿದೆವೆಂಬ ಘೋಷಣೆ ೨೦೧೩ರಲ್ಲಿ ಜರ್ಮನಿಯಿಂದ ಕೇಳಿಬಂದಿತು. ಮರ್ಸಿಡಿಸ್-ಬೆಂಜ್ ಸಂಸ್ಥೆಯು ತನ್ನ ಎಸ್-ಕ್ಲಾಸ್ ಕಾರಿನಲ್ಲಿ 'ಮ್ಯಾಜಿಕ್ ಬಾಡಿ ಕಂಟ್ರೋಲ್' ಎಂಬ ವ್ಯವಸ್ಥೆಯನ್ನು ಅಳವಡಿಸಿತು. ಮುಂಗಾಜಿನ ಹಿಂದೆ ಕೂಡಿಸಿದ ಜೋಡಿ ಕ್ಯಾಮೆರಾ ಸುಮಾರು ೧೫ ಮೀಟರು ಮುಂದಿನವರೆಗಿನ ರಸ್ತೆಯ ಉಬ್ಬುತಗ್ಗುಗಳನ್ನು ಅಳೆಯುತ್ತದೆ; ಚಕ್ರವು ಆ ಸ್ಥಳವನ್ನು ತಲುಪುವಷ್ಟರಲ್ಲಿ ತೈಲದ ಒತ್ತಡದಿಂದ ಕೆಲಸ ಮಾಡುವ ಸಿಲಿಂಡರು ಸಿದ್ಧವಾಗಿರುತ್ತದೆ. ಅನಂತರ ಫ್ರಾನ್ಸಿನ ಡಿಎಸ್ ೭, ಜರ್ಮನಿಯದೇ ಆದ ಆಡಿ ಎ೮ ಮೊದಲಾದ ಕಾರುಗಳಲ್ಲಿಯೂ ಇದೇ ಬಗೆಯ ಏರ್ಪಾಡುಗಳು ಬಂದವು. ಈ ವ್ಯವಸ್ಥೆಯ ನಿಜವಾದ ಸಾಧನೆ ಯಾವುದು, ಅದಕ್ಕೆ ಆರೋಪಿಸಿರುವ ಸಾಧನೆ ಯಾವುದು ಎಂಬುದನ್ನು ಬೇರ್ಪಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ, ಇದರ ಮೂಲಭಾವನೆ ಹೊಸದಲ್ಲ. ಮುಂದಿನ ರಸ್ತೆಯ ರೂಪ ಮೊದಲೇ ತಿಳಿದಿದ್ದರೆ ಸಸ್ಪೆನ್ಷನ್ನನ್ನು ಎಷ್ಟು ಉತ್ತಮಗೊಳಿಸಬಹುದೆಂಬುದನ್ನು ಇ. ಕೆ. ಬೆಂಡರ್ ೧೯೬೮ರಲ್ಲಿಯೇ ಗಣಿತದ ಮೂಲಕ ವಿವೇಚಿಸಿದ್ದರು. ಕಾಗದದ ಮೇಲಿನ ಸಿದ್ಧಾಂತ ಮಾರಾಟದ ಕಾರನ್ನು ಮುಟ್ಟಲು ನಾಲ್ವತ್ತೈದು ವರ್ಷಗಳು ಹಿಡಿದವು. ನಡುವೆ, ೨೦೦೭ರಲ್ಲಿ, ಮರ್ಸಿಡಿಸ್ ಸಂಸ್ಥೆಯೇ ಎಫ್ ೭೦೦ ಎಂಬ ಪ್ರಯೋಗವಾಹನದಲ್ಲಿ ಕ್ಯಾಮೆರಾಕ್ಕೆ ಬದಲಾಗಿ ಲೇಸರುಗಳಿಂದ ರಸ್ತೆಯನ್ನು ಅಳೆದು ತೋರಿಸಿತ್ತು. ಕೊರತೆಯಿದ್ದದ್ದು ವಿಚಾರಕ್ಕಲ್ಲ, ಬೇಗ ಅಳೆಯುವ ಕಣ್ಣಿಗೆ, ಬೇಗ ಲೆಕ್ಕಹಾಕುವ ಯಂತ್ರಕ್ಕೆ.

ವಾಚಕರಲ್ಲಿ ಕೆಲವರು ಈ ವ್ಯವಸ್ಥೆಯ ಜಾಹೀರಾತುಚಿತ್ರವನ್ನು ನೋಡಿರಬಹುದು. ಕೋಳಿಯೊಂದನ್ನು ಎರಡು ಕೈಗಳಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದರೂ ಅದರ ತಲೆ ಇದ್ದಲ್ಲಿಯೇ ನಿಲ್ಲುತ್ತದೆ. ಚಿತ್ರ ಸೊಗಸಾಗಿದೆ, ಆದರೆ ದೃಷ್ಟಾಂತ ತಪ್ಪಾಗಿದೆ. ಕೋಳಿಯು ಮುಂದೆ ಬರಲಿರುವ ಅಲುಗಾಟವನ್ನು ಕಂಡು ಸಿದ್ಧವಾಗುವುದಿಲ್ಲ. ಮೈ ಅಲುಗಿದೊಡನೆ ಅದರ ಒಳಗಿವಿ ಆ ಚಲನೆಯನ್ನು ಗ್ರಹಿಸುತ್ತದೆ, ಕಣ್ಣು ನೆರವಾಗುತ್ತದೆ, ಕುತ್ತಿಗೆ ಎದುರಾಗಿ ಚಲಿಸುತ್ತದೆ. ಆದದ್ದನ್ನು ಅರಿತು ತಿದ್ದಿಕೊಳ್ಳುವ ಈ ಕ್ರಮವನ್ನು ಹಿನ್ನರಿವು ಎಂದು ಕರೆಯೋಣ. ಆಗಲಿರುವುದನ್ನು ಅರಿತು ಅಣಿಯಾಗುವುದನ್ನು ಮುನ್ನರಿವು ಎನ್ನೋಣ. ಹಿನ್ನರಿವಿನಿಂದ ಕೆಲಸಮಾಡುವ ಸಸ್ಪೆನ್ಷನ್ನನ್ನು ಇದೇ ಸಂಸ್ಥೆ ೧೯೯೯ರಲ್ಲಿಯೇ ಮಾರುಕಟ್ಟೆಗೆ ತಂದಿತ್ತು. ಕೋಳಿ ನಿರೂಪಿಸುವುದು ಆ ಹಳೆಯ ವ್ಯವಸ್ಥೆಯನ್ನೇ ಹೊರತು ಕ್ಯಾಮೆರಾವನ್ನಲ್ಲ. ಇದು ಕೇವಲ ಜಾಹೀರಾತಿನ ದೋಷವಲ್ಲ. ಹೊಸ ಕಾರಿನ ಸುಖದಲ್ಲಿ ಹಿನ್ನರಿವಿನ ಪಾಲೆಷ್ಟು, ಮುನ್ನರಿವಿನ ಪಾಲೆಷ್ಟು ಎಂಬ ಮುಖ್ಯ ಪ್ರಶ್ನೆಯನ್ನು ಅದು ಮರೆಮಾಡುತ್ತದೆ.

ಕ್ಯಾಮೆರಾದ ನಿಜವಾದ ಕೊಡುಗೆ ಕಾಲ. ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿ ೧೫ ಮೀಟರನ್ನು ಕ್ರಮಿಸಲು ೧.೦೮ ಸೆಕೆಂಡು ಬೇಕು. ೧೩೦ ಕಿಲೋಮೀಟರು ವೇಗದಲ್ಲಿ ೦.೪೨ ಸೆಕೆಂಡು ಮಾತ್ರ. ಯಂತ್ರದ ಮಟ್ಟಿಗೆ ಇದು ಅಲ್ಪವಲ್ಲ. ಆದರೆ ಹಿಂದಿನ ಚಕ್ರಕ್ಕೆ ಕ್ಯಾಮೆರಾ ಇಲ್ಲದೆಯೂ ಮುನ್ನರಿವು ಸಾಧ್ಯವೆಂಬುದನ್ನು ಮರೆಯಬಾರದು. ಮುಂದಿನ ಚಕ್ರ ಈಗಾಗಲೇ ಅದೇ ಹಾದಿಯಲ್ಲಿ ಹಾದುಹೋಗಿರುತ್ತದೆ. ಚಕ್ರಗಳ ನಡುವಣ ಅಂತರ ೩ ಮೀಟರಾದರೆ, ೫೦ ಕಿಲೋಮೀಟರು ವೇಗದಲ್ಲಿ ೦.೨೨ ಸೆಕೆಂಡು ಮೊದಲೇ ಸುದ್ದಿ ದೊರೆಯುತ್ತದೆ; ಅದೂ ನೋಡಿ ಊಹಿಸಿದ ಸುದ್ದಿಯಲ್ಲ, ಮುಟ್ಟಿ ತಿಳಿದ ಸುದ್ದಿ.

ಇನ್ನು ಕಾಣುವ ಮಾತು. ಜೋಡಿ ಕ್ಯಾಮೆರಾದಲ್ಲಿ ದೂರವನ್ನು ಅಳೆಯುವಾಗಿನ ದೋಷ ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ; ೫ ಮೀಟರಿನಲ್ಲಿ ಇರುವ ದೋಷ ೧೫ ಮೀಟರಿನಲ್ಲಿ ಒಂಬತ್ತು ಪಟ್ಟಾಗುತ್ತದೆ. ದೂರ ನೋಡಿದಷ್ಟೂ ಕಾಲ ಹೆಚ್ಚು, ನಿಖರತೆ ಕಡಿಮೆ. ಗುಂಡಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕ್ಯಾಮೆರಾ ನೆಲದಿಂದ ೧.೩ ಮೀಟರು ಎತ್ತರದಲ್ಲಿದೆಯೆಂದೂ, ಗುಂಡಿ ೬೦ ಸೆಂಟಿಮೀಟರು ಉದ್ದ, ೧೦ ಸೆಂಟಿಮೀಟರು ಆಳವಿದೆಯೆಂದೂ ಇಟ್ಟುಕೊಳ್ಳೋಣ. ೧೫ ಮೀಟರಿನಿಂದ ನೋಡುವಾಗ ಗುಂಡಿಯ ಹತ್ತಿರದ ಅಂಚು ಅದರ ತಳವನ್ನೆಲ್ಲ ಮರೆಮಾಡಿರುತ್ತದೆ. ಸಮರೂಪ ತ್ರಿಕೋನಗಳ ಲೆಕ್ಕದಂತೆ, ತಳವು ಕಾಣತೊಡಗುವುದು ೭.೮ ಮೀಟರಿನಷ್ಟು ಸಮೀಪಿಸಿದ ಮೇಲೆಯೇ. ಅಲ್ಲಿಗೆ ೧.೦೮ ಸೆಕೆಂಡಿನಲ್ಲಿ ಉಳಿಯುವುದು ೦.೫೬ ಸೆಕೆಂಡು. ಉಬ್ಬನ್ನು ಕಾಣುವಷ್ಟು ಸುಲಭವಾಗಿ ಗುಂಡಿಯನ್ನು ಕಾಣಲಾಗದು.

ಮಳೆನೀರು ತುಂಬಿದ ಗುಂಡಿಯಾದರೆ ಈ ಲೆಕ್ಕವೂ ನಡೆಯದು. ನೀರಿನ ಮೇಲ್ಮೈ ಸಮತಲ. ಕ್ಯಾಮೆರಾಕ್ಕೆ ಅದು ಸಮನಾದ ರಸ್ತೆ, ಇಲ್ಲವೆ ಆಕಾಶದ ಪ್ರತಿಬಿಂಬ. ಕ್ಯಾಮೆರಾ ಅಳೆಯುವುದು ಆಕಾರವನ್ನು, ಗಟ್ಟಿತನವನ್ನಲ್ಲ. ಅದರ ಪಾಲಿಗೆ ಒಣಹುಲ್ಲಿನ ಕಂತೆಯೂ ಉಬ್ಬೇ, ಕಲ್ಲೂ ಉಬ್ಬೇ. ೨೦೧೩ರ ವ್ಯವಸ್ಥೆಗೆ ಹಗಲಿನ ಬೆಳಕು ಬೇಕೆಂದೂ, ಅದು ಗಂಟೆಗೆ ೧೩೦ ಕಿಲೋಮೀಟರಿನವರೆಗಿನ ವೇಗಕ್ಕೆ ಮಾತ್ರವೆಂದೂ ತಯಾರಕರೇ ಮಿತಿ ಹಾಕಿದ್ದರು. ರಸ್ತೆ ಕೆಡುವುದು ಮಳೆಯಲ್ಲಿ, ಕಾಣದಾಗುವುದು ಇರುಳಿನಲ್ಲಿ. ನೆರವು ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಈ ಕಣ್ಣು ಮಂಕಾಗುತ್ತದೆ.

ಕಂಡರೂ ಮಾಡಲಾಗದ ಸಂದರ್ಭಗಳಿವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೂಚಿಸಿರುವ ರಸ್ತೆಯ ಹಂಪು ೩.೭ ಮೀಟರು ಅಗಲ, ೧೦ ಸೆಂಟಿಮೀಟರು ಎತ್ತರದ್ದು. ಗಂಟೆಗೆ ೨೫ ಕಿಲೋಮೀಟರು ವೇಗಕ್ಕೆಂದು ರೂಪಿಸಿದ್ದು. ಆ ವೇಗದಲ್ಲಿ ಚಕ್ರ ಅದನ್ನು ದಾಟಲು ೦.೫೩ ಸೆಕೆಂಡು ಬೇಕು. ಇದು ಸೆಕೆಂಡಿಗೆ ಎರಡಕ್ಕಿಂತ ತುಸು ಕಡಿಮೆ ಕಂಪನಗಳಿಗೆ ಸಮ. ನಿಯಮವನ್ನು ಗಮನಿಸದೆ ಹಾಕಿದ, ೩೦ ಸೆಂಟಿಮೀಟರು ಅಗಲದ ದಿಣ್ಣೆಯನ್ನು ಅದೇ ವೇಗದಲ್ಲಿ ದಾಟಿದರೆ ಅದು ಸೆಕೆಂಡಿಗೆ ೨೩ ಕಂಪನಗಳಿಗೆ ಸಮವಾಗುತ್ತದೆ. ತೈಲದ ಸಿಲಿಂಡರುಗಳು ಹಿಡಿತದಲ್ಲಿಡುತ್ತಿದ್ದುದು ಸೆಕೆಂಡಿಗೆ ಸುಮಾರು ೫ ಕಂಪನಗಳವರೆಗಿನ ಚಲನೆಯನ್ನು. ಮೊದಲನೆಯ ಹಂಪು ಅವುಗಳ ಅಳವಿನೊಳಗಿದೆ. ಎರಡನೆಯದನ್ನು ಕಣ್ಣು ಎಷ್ಟು ಚೆನ್ನಾಗಿ ಕಂಡರೂ ಕೈ ಅದನ್ನು ಹಿಂಬಾಲಿಸಲಾರದು.

ಎಲ್ಲ ಕಾರುಗಳ ಕೈಯೂ ಒಂದೇ ಅಲ್ಲ. ಡಿಎಸ್ ೭ ಕಾರಿನಲ್ಲಿ ಕ್ಯಾಮೆರಾ ೫ರಿಂದ ೨೫ ಮೀಟರು ದೂರದ ರಸ್ತೆಯನ್ನು ನೋಡಿ ಷಾಕ್ ಅಬ್ಸಾರ್ಬರಿನ ಬಿಗಿಯನ್ನು ಮಾತ್ರ ಬದಲಾಯಿಸುತ್ತದೆ. ಷಾಕ್ ಅಬ್ಸಾರ್ಬರು ಶಕ್ತಿಯನ್ನು ಹೀರಬಲ್ಲುದು, ಕೊಡಲಾರದು. ಚಕ್ರವನ್ನು ಎತ್ತುವ ಸಾಮರ್ಥ್ಯ ಅದಕ್ಕಿಲ್ಲ. ಮರ್ಸಿಡಿಸ್ಸಿನ ಸಿಲಿಂಡರು ಮತ್ತು ಆಡಿಯ ವಿದ್ಯುತ್ ಮೋಟಾರು ಹೊರಗಿನಿಂದ ಶಕ್ತಿಯನ್ನು ತಂದು ಚಕ್ರವನ್ನು ಎತ್ತಿ ಇಳಿಸಬಲ್ಲವು. ಎರಡನ್ನೂ 'ರಸ್ತೆ ನೋಡುವ ಸಸ್ಪೆನ್ಷನ್' ಎಂಬ ಒಂದೇ ಹೆಸರಿನಲ್ಲಿ ಸೇರಿಸುವುದು ಸಲ್ಲದು. ಎರಡನೆಯ ಬಗೆಯ ಶಕ್ತಿಯೇ ಅದರ ಅಪಾಯವೂ ಹೌದು. ಇಲ್ಲದ ಉಬ್ಬನ್ನು ಕ್ಯಾಮೆರಾ ಕಂಡಿತೆಂದರೆ, ಹೀರುವ ವ್ಯವಸ್ಥೆಯಲ್ಲಿ ಸವಾರಿ ತುಸು ಬಿಗಿಯೋ ಸಡಿಲವೋ ಆದೀತು, ಅಷ್ಟೆ. ತಳ್ಳುವ ವ್ಯವಸ್ಥೆಯಾದರೋ ರಸ್ತೆ ಕೊಡದ ಕುಲುಕನ್ನು ತಾನೇ ಕೊಟ್ಟೀತು. ಚಕ್ರ ನೆಲವನ್ನು ಒತ್ತುವ ಭಾರವೂ ಆ ಕ್ಷಣದಲ್ಲಿ ವ್ಯತ್ಯಾಸಗೊಂಡೀತು. ಬ್ರೇಕಿನ ಹಿಡಿತ ಆ ಭಾರವನ್ನೇ ಅವಲಂಬಿಸಿರುವುದರಿಂದ ಪ್ರಶ್ನೆ ಸುಖದಿಂದ ಸುರಕ್ಷತೆಗೆ ದಾಟುತ್ತದೆ.

ಆದುದರಿಂದ ಇಂಥ ವ್ಯವಸ್ಥೆಯಲ್ಲಿ ಕ್ಯಾಮೆರಾ ಸಲಹೆಗಾರನಾಗಿರಬೇಕು, ಹಿನ್ನರಿವು ಯಜಮಾನನಾಗಿರಬೇಕು. ಕಂಡದ್ದು ಎಷ್ಟು ನಂಬಲರ್ಹವೋ ಅಷ್ಟೇ ಬಲವನ್ನು ಪ್ರಯೋಗಿಸುವ ನಿಯಮ ಬೇಕು. ಇದರ ಪರೀಕ್ಷೆಯೂ ಅದಕ್ಕೆ ತಕ್ಕಂತಿರಬೇಕು. ಒಂದೇ ಕಾರನ್ನು ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ಮೂರು ಬಾರಿ ಓಡಿಸಬೇಕು: ನಿಯಂತ್ರಣವೇ ಇಲ್ಲದೆ, ಹಿನ್ನರಿವೊಂದರಿಂದ, ಎರಡರಿಂದಲೂ. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವೇ ಕ್ಯಾಮೆರಾದ ಬೆಲೆ. ಅನಂತರ ಒದ್ದೆ ರಸ್ತೆಯಲ್ಲಿ, ಇರುಳಿನಲ್ಲಿ, ಬೇಕೆಂದೇ ಕಣ್ಣನ್ನು ಮೋಸಗೊಳಿಸುವ ರಸ್ತೆಯಲ್ಲಿ ಇದನ್ನೇ ಪುನರಾವರ್ತಿಸಬೇಕು.

ಕೊನೆಯ ಬಗೆಯ ಪರೀಕ್ಷೆಗೆ ದುಬಾರಿ ಕಾರು ಬೇಕೆಂದಿಲ್ಲ. ಎರಡು ರಾಶಿ, ಎರಡು ಸ್ಪ್ರಿಂಗು, ಒಂದು ಷಾಕ್ ಅಬ್ಸಾರ್ಬರು ಇರುವ, ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ಕಾಲು-ಕಾರಿನ ಮಾದರಿಯೇ ಸಾಕು. ಅದಕ್ಕೆ ಮುನ್ನರಿವನ್ನು ಸೇರಿಸಿ, ನಿಜವಾದ ರಸ್ತೆಯೊಂದು, ಕ್ಯಾಮೆರಾ ಕಂಡ ರಸ್ತೆ ಇನ್ನೊಂದು ಎಂದು ಇಟ್ಟುಕೊಂಡು ಲೆಕ್ಕ ಮಾಡಬಹುದು. ಎರಡರ ವ್ಯತ್ಯಾಸ ಎಷ್ಟಾದಾಗ ಮುನ್ನರಿವು ಲಾಭದಿಂದ ನಷ್ಟಕ್ಕೆ ತಿರುಗುತ್ತದೆಯೆಂಬುದು ಆ ಲೆಕ್ಕದಿಂದ ತಿಳಿದುಬರುತ್ತದೆ. ಮುನ್ನರಿವಿನ ಸಸ್ಪೆನ್ಷನ್ ಒಂದು ನಿಜವಾದ ಮುನ್ನಡೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಣ್ಣು ಸರಿಯಾಗಿ ಕಂಡಾಗ ಅದು ಎಷ್ಟು ಮೆತ್ತಗೆ ನಡೆಯಿತೆಂಬುದರಿಂದ ಮಾತ್ರವಲ್ಲ, ಕಣ್ಣು ತಪ್ಪಿ ಕಂಡಾಗ ಎಷ್ಟು ಜೋಪಾನವಾಗಿ ನಡೆದುಕೊಂಡಿತೆಂಬುದರಿಂದಲೂ ಅದನ್ನು ಅಳೆಯಬೇಕು.