ಐಡಾ ಟಾರ್ಬೆಲ್ ಅವರ ವ್ಯಾಪಾರಚರಿತ್ರೆಗಳು: ಲೇಖಕರ ಜೀವನೋಪಾಯವನ್ನು ಕುರಿತು ಒಂದು ವಿಚಾರ

ಪಂಪನ ಕಾವ್ಯವನ್ನು ವಿಮರ್ಶಿಸುವವರು ಅರಿಕೇಸರಿಯನ್ನು ನೆನೆಯದೆ ಮುಂದುವರಿಯುವುದಿಲ್ಲ. ಆಶ್ರಯದಾತನನ್ನು ಅರ್ಜುನನೊಡನೆ ಅಭೇದವಾಗಿ ವರ್ಣಿಸಿದುದರಿಂದ ಕಾವ್ಯಕ್ಕೆ ಬಂದ ಗುಣವೇನು, ಲೋಪವೇನು ಎಂಬ ಚರ್ಚೆ ನಮ್ಮಲ್ಲಿ ಹಳೆಯದು. ಯಂತ್ರೋದ್ಯಮ ವ್ಯಾಪಾರಗಳನ್ನು ಕುರಿತು ಬರೆದು ಜೀವಿಸುವ ಗದ್ಯಲೇಖಕರ ವಿಷಯದಲ್ಲಿಯಾದರೋ ಈ ಪ್ರಶ್ನೆಯನ್ನೆತ್ತುವವರು ವಿರಳ. ಆದರೆ ಅದನ್ನು ಕೇಳಲೇಬೇಕಾದುದು ಅಲ್ಲಿಯೇ; ಏಕೆಂದರೆ ಇಂತಹ ಲೇಖಕರು ಯಾರನ್ನು ವರ್ಣಿಸುವರೋ ಅವರಲ್ಲಿಯೇ ಹಣವೂ ಇರುವುದು, ಬರೆವಣಿಗೆಗೆ ಬೇಕಾದ ಸಂಗತಿಗಳೂ ಇರುವುವು.

ಅಮೆರಿಕದ ಐಡಾ ಟಾರ್ಬೆಲ್ (೧೮೫೭–೧೯೪೪) ಅವರ ಗ್ರಂಥಗಳು ಈ ವಿಚಾರಕ್ಕೆ ತಕ್ಕ ನಿದರ್ಶನ. ೧೮೯೧ರಿಂದ ಮೂರು ವರ್ಷ ಅವರು ಪ್ಯಾರಿಸಿನಲ್ಲಿದ್ದು, ಸ್ವದೇಶದ ಪತ್ರಿಕೆಗಳಿಗೆ ಬಿಡಿಲೇಖನಗಳನ್ನು ಕಳುಹಿಸಿ, ಬಂದಷ್ಟರಲ್ಲಿ ಜೀವನ ಸಾಗಿಸಿದರು. ಅನಂತರ ಎಸ್. ಎಸ್. ಮೆಕ್‌ಕ್ಲೂರ್ ಅವರು ತಮ್ಮ ಮಾಸಪತ್ರಿಕೆಯಲ್ಲಿ ಅವರಿಗೆ ಸಂಬಳದ ಉದ್ಯೋಗವನ್ನು ಕೊಟ್ಟರು. ನೆಪೋಲಿಯನ್, ಲಿಂಕನ್ನರ ಚರಿತ್ರೆಗಳನ್ನು ಬರೆದ ಮೇಲೆ ಅವರು ಕೈಗೊಂಡುದು ಸ್ಟಾಂಡರ್ಡ್ ಆಯಿಲ್ ಕಂಪೆನಿಯ ಇತಿಹಾಸ. ಅದು ೧೯೦೨ರ ನವೆಂಬರಿನಿಂದ ೧೯೦೪ರ ಅಕ್ಟೋಬರಿನವರೆಗೆ ೧೯ ಭಾಗಗಳಲ್ಲಿ ಅಚ್ಚಾಗಿ, ೧೯೦೪ರಲ್ಲಿಯೇ ೨ ಸಂಪುಟಗಳ ಗ್ರಂಥವಾಯಿತು.

ಈ ಗ್ರಂಥದ ಮುಖ್ಯ ಗುಣ ತಾಳ್ಮೆ. ನ್ಯಾಯಾಲಯದ ಸಾಕ್ಷ್ಯಗಳು, ಶಾಸನಸಭೆಗಳ ವಿಚಾರಣಾ ವರದಿಗಳು ಇವನ್ನು ಆಧರಿಸಿ ಕಥೆ ಮುಂದೆ ಸಾಗುವುದು. ೧೮೭೨ರ ರೈಲ್ವೆ ಒಪ್ಪಂದದ ನಿರೂಪಣೆಯನ್ನೇ ನೋಡಬಹುದು. ಗುಟ್ಟಿನ ಕೂಟದವರಿಗೆ ಸಾಗಣೆಯ ಬಾಡಿಗೆಯಲ್ಲಿ ಸೋಡಿ ಸಲ್ಲುವುದಷ್ಟೇ ಅಲ್ಲ. ಎದುರಾಳಿಯು ತನ್ನ ಎಣ್ಣೆಯ ಪೀಪಾಯಿಗೆ ತೆತ್ತ ಬಾಡಿಗೆಯಲ್ಲಿಯೂ ಒಂದು ಪಾಲು ಇವರಿಗೇ ಸೇರತಕ್ಕದ್ದು! ಆ ಯೋಜನೆ ಬೇಗನೆ ಮುರಿದುಬಿದ್ದಿತಾದರೂ, ಪೈಪೋಟಿ ಯಾವ ಬಗೆಯದೆಂಬುದನ್ನು ಈ ಒಂದೇ ಸಂಗತಿ ಮನಗಾಣಿಸುತ್ತದೆ. ಇಷ್ಟಾದರೂ ಕಂಪೆನಿಯ ನ್ಯಾಯವಾದ ಹಿರಿಮೆಯನ್ನು ಕುರಿತು ಒಂದು ಅಧ್ಯಾಯವನ್ನೇ ಮೀಸಲಿಟ್ಟುದು ಲೇಖಕಿಯ ಸಮಚಿತ್ತತೆಗೆ ಸಾಕ್ಷಿ.

ಈ ತಾಳ್ಮೆಗೆ ಲೇಖಕಿಯ ಶೀಲವೊಂದೇ ಕಾರಣವೆಂದರೆ ಅರ್ಧ ಸತ್ಯವಾದೀತು. ಬಿಡಿಲೇಖನದಿಂದ ಹೊಟ್ಟೆ ಹೊರೆಯುವವನು ಒಂದು ದಾಖಲೆಗಾಗಿ ತಿಂಗಳುಗಟ್ಟಲೆ ಅಲೆಯಲಾರನು. ಅಲೆದರೆ ಆ ತಿಂಗಳುಗಳಲ್ಲಿ ಅವನಿಗೆ ಅನ್ನವಿಲ್ಲ. ಅಲೆದಾಟದ ವೆಚ್ಚವನ್ನು ಇಲ್ಲಿ ಪತ್ರಿಕೆ ಹೊತ್ತಿತು. ಪತ್ರಿಕೆಯನ್ನು ಅಸಂಖ್ಯ ವಾಚಕರೂ ನಾನಾ ಜಾಹೀರಾತುದಾರರೂ ಹೊತ್ತರು. ವರ್ಣ್ಯವಸ್ತುವಾದ ಕಂಪೆನಿಗೆ ಲೇಖಕಿ ಋಣಿಯಾಗಿರಲಿಲ್ಲ.

ದೋಷಗಳೂ ಇಲ್ಲದಿಲ್ಲ. ಲೇಖಕಿಯ ತಂದೆ ಪೆನ್ಸಿಲ್ವೇನಿಯದ ಎಣ್ಣೆಯ ಸೀಮೆಯಲ್ಲಿ ಎಣ್ಣೆತೊಟ್ಟಿಗಳನ್ನು ಮಾಡುತ್ತಿದ್ದವರು. ಆ ಸೀಮೆಯ ಚಿಕ್ಕ ಉದ್ಯಮಿಗಳ ಬಗೆಗಿನ ಮಮತೆ ಗ್ರಂಥದಲ್ಲಿ ಅಲ್ಲಲ್ಲಿ ತಲೆದೋರುವುದು. ೧೯೦೫ರಲ್ಲಿ ಪ್ರಕಟವಾದ ರಾಕ್‌ಫೆಲ್ಲರರ ಗುಣಚಿತ್ರದಲ್ಲಿ ಮುಖಲಕ್ಷಣದಿಂದ ಅಂತರಂಗವನ್ನು ಊಹಿಸಿರುವುದು ಚರಿತ್ರಕಾರರಿಗೆ ಒಪ್ಪತಕ್ಕುದಲ್ಲ. ೧೯೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಂಪೆನಿಯ ವಿಭಜನೆಗೆ ಆಜ್ಞೆಮಾಡಿದುದು ಈ ಗ್ರಂಥವೊಂದರ ಫಲವೆಂಬ ಹೊಗಳಿಕೆಯೂ ಅತ್ಯುಕ್ತಿಯೇ.

೧೯೦೬ರಲ್ಲಿ ಟಾರ್ಬೆಲ್ ಅವರು ಮೆಕ್‌ಕ್ಲೂರರನ್ನು ಬಿಟ್ಟು, ಸಹೋದ್ಯೋಗಿಗಳೊಡನೆ ಅಮೆರಿಕನ್ ಮ್ಯಾಗಜೀನನ್ನು ನಡೆಸಿದರು. ಅದನ್ನೂ ಬಿಟ್ಟ ಮೇಲೆ ಉಪನ್ಯಾಸಗಳೂ ಸ್ವತಂತ್ರಲೇಖನಗಳೂ ಜೀವನಾಧಾರವಾದುವು. ೧೯೨೫ರಲ್ಲಿ ಉಕ್ಕಿನ ಉದ್ಯಮಿ ಎಲ್ಬರ್ಟ್ ಗ್ಯಾರಿಯವರ ಜೀವನಚರಿತ್ರೆ ಹೊರಬಂದಿತು. ಇಲ್ಲಿ ಪ್ರತಿವಾದಿಗಳ ಸಾಕ್ಷ್ಯಕ್ಕಿಂತ ನಾಯಕನ ಮಾತಿಗೇ ಹೆಚ್ಚು ತೂಕ. ಪ್ರಶಂಸೆ ಮಿತಿಮೀರಿತೆಂದು ಆಗಲೇ ಆಕ್ಷೇಪಗಳೆದ್ದುವು.

ಲೇಖಕಿ ತಮ್ಮ ಲೇಖನಿಯನ್ನು ಮಾರಿಕೊಂಡರೆನ್ನುವುದು ಅನ್ಯಾಯ. ಉದ್ಯಮಪತಿಗಳಲ್ಲಿ ಹೊಸ ಧರ್ಮಬುದ್ಧಿ ಮೂಡುತ್ತಿದೆಯೆಂಬ ನಂಬಿಕೆಯನ್ನು ೧೯೧೬ರ ಗ್ರಂಥದಲ್ಲಿಯೇ ಅವರು ಪ್ರಕಟಿಸಿದ್ದರು. ಅಭಿಪ್ರಾಯ ಬದಲಾದುದು ದೋಷವಲ್ಲ. ಸಂಗತಿಗಳನ್ನು ಎದುರುಪಕ್ಷದ ಮಾತಿನಿಂದ ಒರೆಹಚ್ಚುವ ಕ್ರಮ ಸಡಿಲವಾದುದೇ ದೋಷ. ಆ ಕ್ರಮಕ್ಕೆ ಪ್ರಾಮಾಣಿಕತೆಯಷ್ಟೇ ಬಿಡುವೂ ಬೇಕು. ಬಿಡುವಿಗೆ ಹಣ ಬೇಕು. ಆದುದರಿಂದ ವ್ಯಾಪಾರಚರಿತ್ರೆಗಳನ್ನು ತೂಗುವಾಗ ಲೇಖಕನ ಶೈಲಿಯೇನು, ಪಕ್ಷವೇನು ಎಂದು ಕೇಳಿದರೆ ಸಾಲದು. ಆತನು ಸತ್ಯವನ್ನು ಹುಡುಕುತ್ತಿದ್ದ ದಿನಗಳಲ್ಲಿ ಅನ್ನವಿಕ್ಕಿದವರು ಯಾರೆಂಬುದನ್ನೂ ವಿಮರ್ಶಕನು ಕೇಳತಕ್ಕದ್ದು.